ಅಪ್ಪನ ಕಿರ್ದಿ, ನನ್ನ ಎಡಿಟರ್

ನಮ್ಮಪ್ಪ ಸೇಡಂ ಗಂಜಿನ ಅಡತ್ ಅಂಗಡಿಯೊಂದರಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದರು. ತೊಗರಿ ಸುಗ್ಗಿ ಬಂತೆಂದರೆ ಅಂಗಡಿಯ ಮುಂದೆ ಚೀಲಗಳ ಗುಡ್ಡ ಏಳುತ್ತಿತ್ತು. ಒಂದು ಕಡೆ ಕಾಟಾದ ಮೇಲೆ ತೂಕ, ಇನ್ನೊಂದು ಕಡೆ ಹಮಾಲರ ಕೂಲಿ, ನಡುವೆ ಮಗಳ ಮದುವೆಗೆ ಮುಂಗಡ ಕೇಳಲು ಬಂದು ನಿಂತ ರೈತ. ಆ ಗದ್ದಲದಲ್ಲಿ ಅಪ್ಪನ ಎದುರು ಮೂರೇ ಪುಸ್ತಕ ಇರುತ್ತಿದ್ದವು: ಕಚ್ಚಾ ವಹಿ, ಕಿರ್ದಿ, ಖಾತೆ. ಹಗಲಲ್ಲಿ ಕಿವಿಗೆ ಬಿದ್ದದ್ದೆಲ್ಲ ಕಚ್ಚಾ ವಹಿಗೆ ಹೋಗುತ್ತಿತ್ತು. ಅಲ್ಲಿ ಅಕ್ಷರದ ಅಂದ ನೋಡುವಂತಿಲ್ಲ, ಬರೆದುಬಿಡಬೇಕು. ಸಂಜೆ ಕಚ್ಚಾದಿಂದ ಕಿರ್ದಿಗೆ, ಅಂದಿನ ತಾರೀಖಿನ ಕೆಳಗೆ, ಜಮಾ ಒಂದು ಮಗ್ಗುಲಿಗೆ, ಖರ್ಚು ಒಂದು ಮಗ್ಗುಲಿಗೆ. ಆಮೇಲೆ ಕಿರ್ದಿಯಿಂದ ಖಾತೆಗೆ, ಒಬ್ಬೊಬ್ಬ ರೈತನ ಹೆಸರಿನ ಪುಟಕ್ಕೆ. ಕಿರ್ದಿಯ ಬುಡದಲ್ಲಿ ಆ ದಿನದ ಶಿಲ್ಕು ಬರೆದು ಗೆರೆ ಎಳೆಯದೆ ಅಪ್ಪ ಅಂಗಡಿ ಬಿಟ್ಟದ್ದನ್ನು ನಾನು ಕಾಣೆ.

ಅಂಗಡಿಯ ಪುಸ್ತಕಗಳು ಅಂಗಡಿಯಲ್ಲೇ ಉಳಿದವು. ಆದರೆ ಅದೇ ಪದ್ಧತಿಯಲ್ಲಿ ಅಪ್ಪ ಮನೆಯ ಕಿರ್ದಿಯನ್ನೂ ಬರೆದರು. ಕೆಂಪು ಬಟ್ಟೆಯ ರಟ್ಟಿನ ಆ ಪುಸ್ತಕಗಳು ಈಗಲೂ ನಮ್ಮ ಮನೆಯ ಕಬ್ಬಿಣದ ಟ್ರಂಕಿನಲ್ಲಿವೆ.

ನಾನು ಪ್ರೋಗ್ರಾಮರ್. ಹದಿನೆಂಟು ವರ್ಷದಿಂದ ದಿನಕ್ಕೆ ಎಂಟು ಹತ್ತು ತಾಸು ಎಡಿಟರ್ ಎಂಬ ತಂತ್ರಾಂಶದ ಮುಂದೆ ಕೂತು ಬರೆಯುವುದು, ಬರೆದದ್ದನ್ನು ತಿದ್ದುವುದು ನನ್ನ ಕಸುಬು. ಶಹಾಬಾದಿನ ಪರ್ಸಿ ಕಲ್ಲು ಸೀಳುವವನಿಗೆ ಚಾಣ ಸುತ್ತಿಗೆ ಹೇಗೋ ಪ್ರೋಗ್ರಾಮರಿಗೆ ಎಡಿಟರ್ ಹಾಗೆ. ಈ ಹದಿನೆಂಟು ವರ್ಷದಲ್ಲಿ ಎಷ್ಟೋ ಎಡಿಟರ್, ಎಷ್ಟೋ ಕೆಲಸದ ಪಟ್ಟಿಯ ಆ್ಯಪ್, ಎಷ್ಟೋ ಟಿಪ್ಪಣಿ ಪುಸ್ತಕದ ಆ್ಯಪ್ ಬಳಸಿದ್ದೇನೆ. ಎಲ್ಲವನ್ನೂ ಬಳಸಿ ನಾನು ಬಂದು ನಿಂತದ್ದು ಅಪ್ಪನ ಮೂರು ಪುಸ್ತಕಗಳ ಹತ್ತಿರ. ಹೇಗೆ ಬಂದೆ ಎಂಬುದನ್ನು ಹೇಳಿದರೆ ನಮ್ಮ ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿಯ ಕಾಲೇಜುಗಳಲ್ಲಿ ಕಂಪ್ಯೂಟರ್ ಕಲಿಯುತ್ತಿರುವ ಮಕ್ಕಳಿಗೆ ಮೊದಲು ಏನು ಕಲಿಸಬೇಕು ಎಂಬ ನನ್ನ ಮಾತೂ ಸ್ಪಷ್ಟವಾಗುತ್ತದೆ.

ನೀಲಿ ಪರದೆಯಿಂದ ಕಪ್ಪು ಪರದೆಗೆ

2003ರಲ್ಲಿ ಇಂಜಿನಿಯರಿಂಗ್ ಓದಲು ಸೇಡಂನಿಂದ ಗುಲಬರ್ಗಾಕ್ಕೆ ರೈಲಿನಲ್ಲಿ ಓಡಾಡುತ್ತಿದ್ದೆ. ಮಳಖೇಡ ರೋಡ್, ಚಿತ್ತಾಪುರ, ವಾಡಿ, ಶಹಾಬಾದ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಆಡಳಿತದಲ್ಲಿ 1874ರಲ್ಲಿ ಹಾಕಿದ ಹಳಿಯ ಮೇಲೆ ನಮ್ಮ ದಿನ ಶುರುವಾಗುತ್ತಿತ್ತು. ಕಾಲೇಜಿನ ಲ್ಯಾಬಿನಲ್ಲಿ ನಾವು ಕಂಡ ಮೊದಲ ಎಡಿಟರ್ ಟರ್ಬೊ ಸಿ. ನೀಲಿ ಪರದೆ, ಹಳದಿ ಅಕ್ಷರ. 1990ರ ಆಸುಪಾಸಿನ ಆ ತಂತ್ರಾಂಶ ನಮ್ಮ ಕೈಗೆ ಬರುವಾಗಲೇ ಹಳತಾಗಿತ್ತು. ಹಳತು ಎಂಬುದು ತೊಂದರೆಯಲ್ಲ. ಪ್ರೋಗ್ರಾಮ್ ಎಂದರೆ ಆ ನೀಲಿ ಪರದೆಯೇ ಎಂದು ನಾವು ನಂಬಿದ್ದು ತೊಂದರೆ. ಬರೆದದ್ದು ಒಂದು ಫೈಲಾಗಿ ಎಲ್ಲೋ ಉಳಿಯುತ್ತದೆ, ಅದಕ್ಕೊಂದು ಹೆಸರು ಮತ್ತು ಜಾಗ ಇದೆ, ಬೇರೆ ಯಾವ ಎಡಿಟರಿನಲ್ಲಾದರೂ ಅದನ್ನು ತೆರೆಯಬಹುದು ಎಂದು ಯಾರೂ ನಮಗೆ ಹೇಳಲಿಲ್ಲ. ತಂತ್ರಾಂಶ ತಾನಾಗಿ ಆರಿಸಿದ ಫೋಲ್ಡರಿನಲ್ಲೇ ಅರವತ್ತು ಹುಡುಗರ ಫೈಲುಗಳು ಬೀಳುತ್ತಿದ್ದವು. ತಿಂಗಳಿಗೊಮ್ಮೆ ಅದನ್ನು ಖಾಲಿ ಮಾಡುತ್ತಿದ್ದರು. ನಾಲ್ಕು ವರ್ಷ ಬರೆದದ್ದರಲ್ಲಿ ಒಂದು ಸಾಲೂ ನನ್ನ ಹತ್ತಿರ ಉಳಿಯಲಿಲ್ಲ.

2007ರಲ್ಲಿ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ರಾತ್ರಿ ಪಾಳಿ. ಸಾವಿರಾರು ಮೈಲಿ ದೂರದ ಸರ್ವರಿನಲ್ಲಿ ಒಂದು ಸಾಲು ತಿದ್ದಬೇಕು. ಅಲ್ಲಿ ಮೌಸ್ ಇಲ್ಲ, ಮೆನು ಇಲ್ಲ. ಕಪ್ಪು ಪರದೆಯ ಮೇಲೆ ವಿಐ ಎಂಬ ಎಡಿಟರ್ ಒಂದೇ ಇತ್ತು. ಮೂರು ತಿಂಗಳು ರಾತ್ರಿಯೆಲ್ಲ ಅದನ್ನೇ ಕಲಿತೆ. ಕೆಳಗಿನ ಸಾಲಿಗೆ ಹೋಗಲು ಜೆ ಕೀಲಿ, ಒಂದು ಅಕ್ಷರ ಅಳಿಸಲು ಎಕ್ಸ್ ಕೀಲಿ. ಇಷ್ಟು ಚುಟುಕು ಆಜ್ಞೆಗಳು ಯಾಕೆ ಎಂದು ಓದುತ್ತ ಹೋದಾಗ ಅದರ ಹುಟ್ಟಿನ ಕಥೆ ಸಿಕ್ಕಿತು. ಬಿಲ್ ಜಾಯ್ 1976ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಅದನ್ನು ಬರೆಯುವಾಗ ಅವರ ಮನೆಗಿದ್ದ ಸಂಪರ್ಕದ ವೇಗ ಸೆಕೆಂಡಿಗೆ ಸುಮಾರು ಮೂವತ್ತು ಅಕ್ಷರ. ಒಂದು ಕೀಲಿ ಹೆಚ್ಚು ಒತ್ತಿದರೂ ಕಾಯಬೇಕಾದ ಕಾಲ. ಕೊರತೆಯಲ್ಲಿ ಹುಟ್ಟಿದ ಉಪಕರಣ ಕೊರತೆಯ ಊರುಗಳಿಗೆ ಹೊಂದುತ್ತದೆ ಎಂಬುದು ಆಮೇಲೆ ಸೇಡಂಗೆ ಮರಳಿದಾಗ ನನಗೆ ಚೆನ್ನಾಗಿ ಅರ್ಥವಾಯಿತು.

ವಿಐಯನ್ನು ಬೆಳೆಸಿ ವಿಮ್ ಎಂದು 1991ರಲ್ಲಿ ಜಗತ್ತಿಗೆ ಕೊಟ್ಟವರು ನೆದರ್ಲೆಂಡ್ಸಿನ ಬ್ರಾಮ್ ಮೂಲೆನಾರ್. ಅದಕ್ಕೆ ಅವರು ಬೆಲೆ ಇಡಲಿಲ್ಲ. ಇಷ್ಟವಾದರೆ ಉಗಾಂಡಾದ ಕಿಬಾಲೆ ಊರಿನ ಮಕ್ಕಳಿಗೆ ನೆರವಾಗಿ ಎಂದು ತಂತ್ರಾಂಶದ ಒಳಗೇ ಬರೆದಿಟ್ಟರು. 2023ರ ಆಗಸ್ಟಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂದ ದಿನ ವಿಮ್ ತೆರೆದಾಗ ಆ ಮಕ್ಕಳ ಕುರಿತ ಸಾಲು ಎಂದಿನಂತೆ ಕಂಡಿತು. ಮನುಷ್ಯ ಹೋದರೂ ಅವನ ಕಸುಬು ಇನ್ನೊಬ್ಬರ ಕೈಯಲ್ಲಿ ಮುಂದುವರಿಯಲು ಬಿಟ್ಟುಹೋಗುವುದು ಎಂದರೆ ಇದು.

ಅವ್ವನ ಪದಗಳು

ಬೆಂಗಳೂರಿನ ವರ್ಷಗಳಲ್ಲಿ ಕೆಲಸ ಹೆಚ್ಚಿತು, ನೆನಪಿಡಬೇಕಾದದ್ದು ಹೆಚ್ಚಿತು. ಆ್ಯಪ್‌ಗಳ ಸುತ್ತ ತಿರುಗಲು ಶುರುಮಾಡಿದೆ. ವರ್ಷಕ್ಕೊಂದು ಹೊಸದು. ಪ್ರತಿ ಸಲವೂ ಒಂದು ವಾರ ಹಳೆಯದರಿಂದ ಹೊಸದಕ್ಕೆ ಸಾಮಾನು ಸಾಗಿಸುವುದೇ ಕೆಲಸ. ಬಾಡಿಗೆ ಮನೆ ಬದಲಿಸಿದ ಹಾಗೆ.

ಅವುಗಳಲ್ಲಿ ಒಂದು ಟಿಪ್ಪಣಿ ಆ್ಯಪನ್ನು ನಾಲ್ಕು ವರ್ಷ ಬಿಡದೆ ಬಳಸಿದೆ. ಆಫೀಸಿನ ಟಿಪ್ಪಣಿಗಳ ಜೊತೆ ಅದರಲ್ಲಿ ಇನ್ನೊಂದು ಪುಟವಿತ್ತು. ಪ್ರತಿ ಭಾನುವಾರ ಅವ್ವನಿಗೆ ಫೋನ್ ಮಾಡುತ್ತಿದ್ದೆ. ಅವ್ವ ಸಣ್ಣವಳಿದ್ದಾಗ ಕಲಿತ ಬೀಸುಕಲ್ಲಿನ ಪದಗಳು, ಒಗಟುಗಳು, ಒಂದೊಂದಾಗಿ ನೆನಪಾದ ಹಾಗೆ ಹೇಳುತ್ತಿದ್ದಳು. ನಾನು ಕೇಳುತ್ತಲೇ ಮೊಬೈಲಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. 2015ರಲ್ಲಿ ಅವ್ವ ತೀರಿಕೊಂಡಳು. ಮರುವರ್ಷ ಆ ಆ್ಯಪ್ ನಡೆಸುತ್ತಿದ್ದವರು ಸೇವೆ ನಿಲ್ಲಿಸುವುದಾಗಿ ತಿಳಿಸಿ, ನಿಮ್ಮ ಟಿಪ್ಪಣಿಗಳನ್ನು ಇಳಿಸಿಕೊಳ್ಳಿ ಎಂದರು. ಇಳಿಸಿಕೊಂಡೆ. ಇಂಗ್ಲಿಷ್ ಟಿಪ್ಪಣಿಗಳು ಸರಿಯಾಗಿ ಬಂದವು. ಅವ್ವನ ಪುಟ ತೆರೆದಾಗ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು. ಕನ್ನಡದ ಒಂದೊಂದು ಅಕ್ಷರಕ್ಕೂ ಒಂದೊಂದು ಪ್ರಶ್ನೆ. ಪತ್ರ ಬರೆದೆ, ಉತ್ತರ ಬರಲಿಲ್ಲ. ಮೂವತ್ತಕ್ಕೂ ಹೆಚ್ಚು ಪದಗಳಲ್ಲಿ ನನಗೆ ಬಾಯಿಪಾಠವಾಗಿದ್ದ ಎಂಟು ಉಳಿದವು.

ಆ್ಯಪ್‌ಗಳು ಮುಚ್ಚುವುದು ಅಪರೂಪದ ಸಂಗತಿಯಲ್ಲ. ಲಕ್ಷಾಂತರ ಜನ ಬಳಸುತ್ತಿದ್ದ ವಂಡರ್‌ಲಿಸ್ಟ್ ಎಂಬ ಕೆಲಸದ ಪಟ್ಟಿಯ ಆ್ಯಪ್ 2020ರ ಮೇ ತಿಂಗಳಲ್ಲಿ ನಿಂತಿತು. ಪ್ರೋಗ್ರಾಮರುಗಳಿಗೆ ಪ್ರಿಯವಾಗಿದ್ದ ಆ್ಯಟಮ್ ಎಡಿಟರಿನ ಬೆಳವಣಿಗೆಯನ್ನು 2022ರ ಡಿಸೆಂಬರಿನಲ್ಲಿ ನಿಲ್ಲಿಸಿದರು. ಆದರೆ ಈ ಎರಡರಲ್ಲಿ ಒಂದು ವ್ಯತ್ಯಾಸವಿದೆ. ಎಡಿಟರ್ ನಿಂತಾಗ ಯಾರ ಬರಹವೂ ಅದರ ಜೊತೆ ಹೋಗುವುದಿಲ್ಲ. ಫೈಲು ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ, ಬೇರೆ ಎಡಿಟರಿನಲ್ಲಿ ತೆರೆದು ಮುಂದುವರಿಸಬಹುದು. ಆ್ಯಪಿನಲ್ಲಿ ಹಾಗಲ್ಲ. ಅಲ್ಲಿ ಪುಸ್ತಕವೂ ಅವರದು, ಟ್ರಂಕೂ ಅವರದು, ಬೀಗವೂ ಅವರದು. ಅಪ್ಪನ ಕಿರ್ದಿಯನ್ನು ಕಾಗದ ಮಾರಿದ ಅಂಗಡಿಯವರು ಬಂದು ಹೊತ್ತೊಯ್ಯುವುದನ್ನು ಯೋಚಿಸಲಾದರೂ ಸಾಧ್ಯವೇ?

ಅಂದಿನಿಂದ ಒಂದು ನಿಯಮ ಇಟ್ಟುಕೊಂಡೆ. ನನಗೆ ಬೇಕಾದ್ದೆಲ್ಲ ಸಾದಾ ಪಠ್ಯದ ಫೈಲಿನಲ್ಲಿ ಇರಬೇಕು. ಸಾದಾ ಪಠ್ಯ ಎಂದರೆ ಬಣ್ಣ, ಅಲಂಕಾರ, ಗುಟ್ಟಿನ ಸಂಕೇತ ಇಲ್ಲದ ಬರೀ ಅಕ್ಷರಗಳ ಸಾಲು. ಹತ್ತು ರೂಪಾಯಿಯ ನೋಟ್‌ಬುಕ್ಕಿನ ಹಾಗೆ, ಯಾರು ತೆರೆದರೂ ಓದಲು ಬರಬೇಕು.

ಮೂರು ಫೈಲು

2020ರ ಲಾಕ್‌ಡೌನಿನಲ್ಲಿ ಸೇಡಂಗೆ ಬಂದವನು ಮರಳಿ ಹೋಗಲಿಲ್ಲ. ಅಪ್ಪ ಒಬ್ಬರೇ ಇದ್ದರು, ಕಂಪನಿಯೂ ಮನೆಯಿಂದಲೇ ಕೆಲಸಕ್ಕೆ ಒಪ್ಪಿತು. ಪರ್ಸಿ ಹಾಸಿದ ಪಡಸಾಲೆಯಲ್ಲಿ ಒಂದು ಮೇಜು ಹಾಕಿ ಕೂತೆ. ಮೇ ತಿಂಗಳ ಮಧ್ಯಾಹ್ನ ನಮ್ಮ ಕಡೆ ಕರೆಂಟು ಹೋದರೆ ಯಾವಾಗ ಬರುತ್ತದೆ ಎಂದು ಹೇಳಲಾಗದು. ಸ್ವಲ್ಪ ಹೊತ್ತಿಗೆ ಇಂಟರ್‌ನೆಟ್ಟೂ ಹೋಗುತ್ತದೆ. ಇಂಟರ್‌ನೆಟ್ಟಿನ ಮೇಲೆ ನಡೆಯುವ ಆ್ಯಪ್‌ಗಳು ಆ ಕ್ಷಣಕ್ಕೆ ಸುಮ್ಮನಾಗುತ್ತವೆ. ನನ್ನ ಫೈಲುಗಳು ಲ್ಯಾಪ್‌ಟಾಪಿನಲ್ಲೇ ಇರುವುದರಿಂದ ಬ್ಯಾಟರಿ ಇರುವವರೆಗೂ ಕೆಲಸ ನಿಲ್ಲುವುದಿಲ್ಲ.

ಅಕ್ಕನನ್ನು ಕೊಟ್ಟ ಊರು ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಾಡಿನ ಅಂಚಿನಲ್ಲಿದೆ. ಅಲ್ಲಿಗೆ ಹೋದರೆ ಫೋನಿಗೆ ಸಿಗ್ನಲ್ಲಿಗಾಗಿ ದಿಬ್ಬ ಹತ್ತಬೇಕು. ಎರಡು ದಿನ ಅಲ್ಲಿ ಕೂತು ಕೆಲಸ ಮಾಡಿದ್ದೇನೆ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದ ಗಿಟ್ ಎಂಬ ತಂತ್ರಾಂಶ ನಾನು ತಿದ್ದಿದ್ದನ್ನೆಲ್ಲ ತಾರೀಖು ಸಮೇತ ನನ್ನ ಕಂಪ್ಯೂಟರಿನಲ್ಲೇ ದಾಖಲು ಮಾಡಿಕೊಳ್ಳುತ್ತದೆ. ಮರಳಿ ಸೇಡಂಗೆ ಬಂದು ಇಂಟರ್‌ನೆಟ್ ಸಿಕ್ಕಾಗ ಅಷ್ಟನ್ನೂ ಒಮ್ಮೆಗೇ ಕಳಿಸುತ್ತೇನೆ.

ಆ ದಿನಗಳಲ್ಲಿ ಒಂದು ಸಂಜೆ ಅಪ್ಪ ಟ್ರಂಕಿನಿಂದ ಕಿರ್ದಿ ತೆಗೆದು ಏನೋ ಹುಡುಕುತ್ತಿದ್ದರು. ಹತ್ತಿರ ಕೂತು ನೋಡಿದೆ. ನಾನು ದುಡ್ಡು ಕೊಟ್ಟು ಓದಿದ ದಕ್ಷತೆಯ ಪುಸ್ತಕಗಳೆಲ್ಲ ಹೇಳುವ ಮಾತು ಆ ಪುಟಗಳಲ್ಲಿ ಮಾಡಿಯೇ ಇಟ್ಟಿತ್ತು. ತಲೆಗೆ ಬಂದದ್ದನ್ನು ಆ ಕ್ಷಣ ಒಂದು ಕಡೆ ಹಾಕು. ದಿನದ ಕೊನೆಗೆ ಅದನ್ನು ತಾರೀಖಿನಡಿ ತಾ. ಆಮೇಲೆ ಅದು ಯಾರಿಗೆ ಸೇರಿದ್ದೋ ಅವರ ಪುಟಕ್ಕೆ ಸೇರಿಸು. ಮರುದಿನಕ್ಕೆ ಏನು ಉಳಿಯಿತು ಎಂದು ಬರೆದು ಗೆರೆ ಎಳೆ.

ಮರುದಿನವೇ ಮೂರು ಫೈಲು ಮಾಡಿದೆ. ಹೆಸರು ಕಚ್ಚಾ, ಕಿರ್ದಿ, ಖಾತೆ. ಹಗಲಲ್ಲಿ ಬಂದ ಫೋನ್, ಹೊಳೆದ ಉಪಾಯ, ಕಂಡ ದೋಷ ಎಲ್ಲ ಕಚ್ಚಾಕ್ಕೆ. ಸಂಜೆ ಅರ್ಧ ತಾಸು ಕೂತು ಅದನ್ನು ಕಿರ್ದಿಗೆ ಇಳಿಸುತ್ತೇನೆ. ಶನಿವಾರ ಒಂದೊಂದು ಕೆಲಸದ ಖಾತೆಗೆ ಹಂಚುತ್ತೇನೆ. ಇದಕ್ಕೆ ನಾನು ಬಳಸುವುದು ಈಮ್ಯಾಕ್ಸ್. ರಿಚರ್ಡ್ ಸ್ಟಾಲ್ಮನ್ 1985ರಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟ ಎಡಿಟರ್ ಅದು. ಅದರೊಳಗೆ ಆರ್ಗ್ ಮೋಡ್ ಎಂಬ ವ್ಯವಸ್ಥೆಯಿದೆ. ಖಗೋಳ ವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ 2003ರಲ್ಲಿ ತಮ್ಮ ಟಿಪ್ಪಣಿಗಳನ್ನು ಹದ್ದುಬಸ್ತಿನಲ್ಲಿಡಲು ಅದನ್ನು ಬರೆದುಕೊಂಡರು. ಕೆಲಸದ ಪಟ್ಟಿ, ತಾರೀಖು, ಕೋಷ್ಟಕ, ಲೆಕ್ಕ ಎಲ್ಲ ಅದರಲ್ಲಿದೆ. ಆದರೂ ಫೈಲು ಸಾದಾ ಪಠ್ಯವೇ. ನಾಳೆ ಈಮ್ಯಾಕ್ಸ್ ಇಲ್ಲವಾದರೆ ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಈಗಲೂ ಕೇಳುತ್ತಾರೆ, "ಶಿಲ್ಕು ತಗದೀ ಏನಪಾ?" ಹೌದು ಎಂದು ಹೇಳಲು ಸಾಧ್ಯವಾದ ದಿನ ನಿದ್ದೆ ಚೆನ್ನಾಗಿ ಬರುತ್ತದೆ.

ಜ ಒತ್ತಿದರೆ ಕದಲದ ಕರ್ಸರ್

ವಿಮ್ ಬಿಟ್ಟು ಈಮ್ಯಾಕ್ಸಿಗೆ ಬಂದದ್ದಕ್ಕೆ ಕಾರಣ ಕನ್ನಡ. ವಿಮ್‌ನಲ್ಲಿ ಅಕ್ಷರ ಬರೆಯುವ ಸ್ಥಿತಿಯಿಂದ ಹೊರಬಂದರೆ ಪ್ರತಿ ಕೀಲಿಯೂ ಒಂದು ಆಜ್ಞೆ. ಕಂಪ್ಯೂಟರಿನ ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸಿ ಬರೆಯುತ್ತಿರುವಾಗ ಕೆಳಗಿನ ಸಾಲಿಗೆ ಹೋಗಲು ಜೆ ಒತ್ತಿದರೆ ಅದಕ್ಕೆ ಮುಟ್ಟುವುದು ಜ ಅಕ್ಷರ. ಆ ಅಕ್ಷರಕ್ಕೆ ಅದರಲ್ಲಿ ಆಜ್ಞೆಯಿಲ್ಲ, ಕರ್ಸರ್ ಕದಲುವುದಿಲ್ಲ. ಪ್ರತಿ ಸಾಲಿಗೂ ಕೀಲಿಮಣೆಯನ್ನು ಇಂಗ್ಲಿಷಿಗೆ ತಿರುಗಿಸಿ, ಮತ್ತೆ ಕನ್ನಡಕ್ಕೆ ತಿರುಗಿಸಿ ಬರೆಯುವವನಿಗೆ ಯೋಚನೆಯ ಎಳೆ ಉಳಿಯುವುದಿಲ್ಲ. ಈಮ್ಯಾಕ್ಸಿನಲ್ಲಿ ಕನ್ನಡ ಬರೆಯುವ ಪದ್ಧತಿ ಎಡಿಟರಿನ ಒಳಗೇ ಇದೆ. ಆಜ್ಞೆಗಳು ಹಾಗೇ ಇರುತ್ತವೆ, ಅಕ್ಷರ ಮಾತ್ರ ಕನ್ನಡವಾಗುತ್ತದೆ. ಅದರಲ್ಲಿ ಜಗತ್ತಿನ ಹತ್ತಾರು ಭಾಷೆಗಳ ವಂದನೆಗಳನ್ನು ತೋರಿಸುವ ಒಂದು ಪುಟವಿದೆ. ಆ ಪಟ್ಟಿಯಲ್ಲಿ 'ನಮಸ್ಕಾರ' ಎಂದು ಕನ್ನಡದಲ್ಲಿ ಕಂಡ ದಿನ ಅಪ್ಪನನ್ನು ಕರೆದು ತೋರಿಸಿದೆ.

ಆದರೂ ಕಷ್ಟಗಳಿವೆ. ಎಡಿಟರುಗಳನ್ನು ಮಾಡಿದವರ ಕಣ್ಣಲ್ಲಿ ಒಂದು ಅಕ್ಷರ ಎಂದರೆ ಒಂದು ಚೌಕ. ಇಂಗ್ಲಿಷಿಗೆ ಅದು ಸರಿ. ನಮ್ಮ 'ಸೇಡಂ' ಓದುವವರಿಗೆ ಎರಡಕ್ಷರ. ಕಂಪ್ಯೂಟರಿಗೆ ಅದು ಸ, ಏತ್ವ, ಡ, ಸೊನ್ನೆ ಎಂದು ನಾಲ್ಕು ಸಂಕೇತ, ಒಟ್ಟು ಹನ್ನೆರಡು ಬೈಟ್. 'ಚಿತ್ತಾಪುರ' ನಾಲ್ಕಕ್ಷರ, ಒಳಗೆ ಒಂಬತ್ತು ಸಂಕೇತ. ಹೀಗಾಗಿ ಊರಿನ ಹೆಸರುಗಳ ಕೋಷ್ಟಕ ಬರೆದರೆ ಗೆರೆಗಳು ಒಂದರ ಕೆಳಗೊಂದು ನಿಲ್ಲದೆ ಸೊಟ್ಟಗಾಗುತ್ತವೆ. ಕಪ್ಪು ಪರದೆಯ ಟರ್ಮಿನಲ್ಲಿನಲ್ಲಿ ಒತ್ತಕ್ಷರದ ಕಾಲು ಕೆಳಗಿನ ಸಾಲಿಗೆ ತಾಗಿ ಕತ್ತರಿಸಿಹೋಗುತ್ತದೆ.

ಹುಡುಕಾಟದ ಕಷ್ಟ ಇನ್ನೂ ಸೂಕ್ಷ್ಮ. 'ಸೇಡಂ' ಎಂದು ಹುಡುಕಿದರೆ 'ಸೇಡಮ್' ಸಿಗುವುದಿಲ್ಲ. 'ಶಹಾಬಾದ್‌ನಲ್ಲಿ' ಎಂದು ಬಿಡಿಸಿ ಬರೆದಾಗ ದಕಾರಕ್ಕೂ ನಕಾರಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುತ್ತದೆ. ಅದಿಲ್ಲದೆ ಬರೆದರೆ ನ ಒತ್ತಾಗುತ್ತದೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗದು. ಕನ್ನಡ ಓದುವ ಯಾರಿಗಾದರೂ ಎರಡೂ ಒಂದೇ ಊರು. ಇಂಥವುಗಳಿಗಾಗಿ ನಾನೇ ಒಂದು ಸಣ್ಣ ಪ್ರೋಗ್ರಾಮ್ ಬರೆದುಕೊಂಡೆ. ಹುಡುಕುವ ಮೊದಲು ಆ ಕಾಣದ ಸಂಕೇತವನ್ನು ಬಿಟ್ಟುಬಿಡುತ್ತದೆ, ಸೊನ್ನೆಯನ್ನೂ ಅರ್ಧ ಮಕಾರವನ್ನೂ ಒಂದೆಂದು ಎಣಿಸುತ್ತದೆ. ಇಪ್ಪತ್ತೆರಡು ಸಾಲಿನ ಕೆಲಸ. ಅದು ಎಲ್ಲ ಎಡಿಟರುಗಳ ಒಳಗೆ ಇರಬೇಕಾದದ್ದು. ಮಾಡಬೇಕಾದವರು ಕನ್ನಡ ಬಲ್ಲ ಪ್ರೋಗ್ರಾಮರುಗಳು, ಅಂದರೆ ನಾವೇ.

ಇಲ್ಲಿಯವರೆಗೆ ಬಂದದ್ದು ಕೂಡ ಹೀಗೆ ಯಾರೋ ಕೂತು ಮಾಡಿದ್ದರಿಂದಲೇ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲೇ ಕನ್ನಡದ ಅಷ್ಟೂ ಅಕ್ಷರಗಳನ್ನು ಕೂರಿಸಿತು. ಸರ್ಕಾರ ಒಪ್ಪಿದ್ದು ಅದನ್ನೇ. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಬರಹ ತಂತ್ರಾಂಶ ಕೊಟ್ಟರು. ಕನ್ನಡ ಗಣಕ ಪರಿಷತ್ತು ನುಡಿ ಕೊಟ್ಟಿತು. ಇನ್ನೊಂದು ಕಡೆ 1992ರ ಸೆಪ್ಟೆಂಬರಿನಲ್ಲಿ ಅಮೆರಿಕದ ನ್ಯೂಜೆರ್ಸಿಯ ಒಂದು ಊಟದ ಹೋಟೆಲಿನಲ್ಲಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ, ಕೆನ್ ಥಾಂಪ್ಸನ್ ಅಕ್ಷರಗಳ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಎಂಬ ಪದ್ಧತಿಯನ್ನು ಗೀಚಿದರು. ಜೊತೆಗೆ ರಾಬ್ ಪೈಕ್ ಇದ್ದರು. ಇಂದು ಜಗತ್ತಿನ ಎಲ್ಲ ಲಿಪಿಗಳೂ ಒಂದೇ ಫೈಲಿನಲ್ಲಿ ಒಟ್ಟಿಗೆ ಇರಲು ಅದೇ ಆಧಾರ.

ಓದಲಾಗದ ಕಾಗದ

ನಮ್ಮ ಟ್ರಂಕಿನಲ್ಲಿ ಕಿರ್ದಿಗಳ ಕೆಳಗೆ ಮುತ್ಯಾನ ಕಾಲದ ಹೊಲದ ಕಾಗದಗಳಿವೆ. 1948ರವರೆಗೆ ನಾವು ಹೈದರಾಬಾದ್ ಸಂಸ್ಥಾನದಲ್ಲಿದ್ದೆವು. ದಫ್ತರಿನ ಭಾಷೆ ಉರ್ದು. ಆ ಕಾಗದಗಳನ್ನು ಓದಲು ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಒಮ್ಮೆ ಚಿತ್ತಾಪುರದ ಒಬ್ಬ ಹಿರಿಯ ಮೌಲ್ವಿಯವರು ಓದಿ ಹೇಳಿದರು. ನಮ್ಮ ಹೊಲದ ಬಾಂದಿನ ಮೇಲಿದ್ದ ಎರಡು ಬೇವಿನ ಮರಗಳವರೆಗೂ ಅದರಲ್ಲಿತ್ತು.

ಅದೇ ವರ್ಷ ಶಹಾಬಾದಿನಿಂದ ಕಾಕಾ ಒಂದು ಹಳೆಯ ಹಾರ್ಡ್ ಡಿಸ್ಕ್ ತಂದರು. ಕಾಕಾ ಹನ್ನೆರಡು ವರ್ಷ ಡಿಟಿಪಿ ಅಂಗಡಿ ನಡೆಸಿದವರು. ಲಗ್ನಪತ್ರಿಕೆ, ಕಾರ್ಮಿಕ ಸಂಘಗಳ ಕರಪತ್ರ, ಜಾತ್ರೆಯ ನಾಟಕದ ಪುಸ್ತಕ, ಭಜನೆಯ ಪುಸ್ತಕ ಎಲ್ಲ ಅದರಲ್ಲಿತ್ತು. "ಒಂದು ಬಯಲಾಟದ ಪುಸ್ತಕ ಅದ, ತಗದು ಕೊಡಪಾ, ಬರದ ಮನಶ್ಯಾ ಇಲ್ಲ ಈಗ" ಎಂದರು. ತೆರೆದೆ. ಕನ್ನಡದ ಒಂದಕ್ಷರವೂ ಇಲ್ಲ. ದೊಡ್ಡ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಪೌಂಡಿನ ಚಿಹ್ನೆ, ಹೀಗೆ ಪುಟಗಟ್ಟಲೆ. ಆ ಕಾಲದ ಫಾಂಟುಗಳು ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡದ ಚಿತ್ರವನ್ನು ಹೊದಿಸುತ್ತಿದ್ದವು. ಫಾಂಟು ಇದ್ದರೆ ಪೌಂಡಿನ ಚಿಹ್ನೆ ನಕಾರವಾಗಿ ಕಾಣುತ್ತದೆ. ಫಾಂಟು ಹೋದರೆ ಬರಹವೂ ಹೋಯಿತು. ಪ್ರತಿ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡಿನಲ್ಲಿ ನ ಎಂದರೆ ಎಲ್ಲಿ ತೆರೆದರೂ ನ.

ಕನ್ನಡಿಗರೇ ಬರೆದು ಉಚಿತವಾಗಿ ಹಂಚಿದ ಪರಿವರ್ತಕ ತಂತ್ರಾಂಶಗಳಿವೆ. ಅವುಗಳಿಂದ ಬಯಲಾಟವನ್ನು ಯೂನಿಕೋಡಿಗೆ ತಂದೆ. ಅರ್ಕಾವೊತ್ತುಗಳು ಸ್ಥಳ ತಪ್ಪಿದ್ದವು. ನಡುವೆ ಇದ್ದ ಇಂಗ್ಲಿಷ್ ಹೆಸರುಗಳು ಅರ್ಥವಿಲ್ಲದ ಕನ್ನಡವಾಗಿದ್ದವು. ಎರಡು ವಾರ ರಾತ್ರಿ ಕೂತು ಕಾಕಾ ಮತ್ತು ನಾನು ಸಾಲುಸಾಲಾಗಿ ತಿದ್ದಿದೆವು. ಕಾಕಾ ಹಾಡುತ್ತಿದ್ದರು, ನಾನು ತಿದ್ದುತ್ತಿದ್ದೆ. ಹಾಡು ಗೊತ್ತಿದ್ದವರು ಒಬ್ಬರು ಉಳಿದಿದ್ದಕ್ಕೆ ಆ ಪುಸ್ತಕ ಉಳಿಯಿತು.

ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ 1986ರಲ್ಲಿ ಗುಡಿಯೊಂದರ ಮಾಳಿಗೆ ಕುಸಿದಾಗ ಅಶೋಕನ ಶಾಸನದ ಕಲ್ಲು ಬೆಳಕಿಗೆ ಬಂತು. ಎರಡು ಸಾವಿರ ವರ್ಷಕ್ಕೂ ಹಿಂದಿನ ಬ್ರಾಹ್ಮಿ ಲಿಪಿ. ಕಲ್ಲಿನ ಮೇಲೆ ಬರೀ ಅಕ್ಷರ ಇತ್ತು, ಅಕ್ಷರದ ಗುಟ್ಟು ತಿಳಿದವರಿದ್ದರು, ಓದಿದರು. ಮುತ್ಯಾನ ಉರ್ದು ಕಾಗದಕ್ಕೆ ಒಬ್ಬ ಮೌಲ್ವಿ ಸಾಕಾಯಿತು. ಕಾಕಾನ ಹದಿನೈದು ವರ್ಷ ಹಳೆಯ ಫೈಲಿಗೆ ಎರಡು ವಾರದ ದುಡಿಮೆ ಬೇಕಾಯಿತು. ಅವ್ವನ ಪದಗಳಿಗೆ ಯಾವ ದಾರಿಯೂ ಉಳಿದಿರಲಿಲ್ಲ. ನಮ್ಮ ಪಂಚಾಯಿತಿಗಳ, ಸಹಕಾರ ಸಂಘಗಳ, ಮಠಗಳ, ಶಾಲೆಗಳ ಕಪಾಟುಗಳಲ್ಲಿ ಇಂಥ ಫೈಲುಗಳು ಎಷ್ಟೋ ಇವೆ. ಆ ಫಾಂಟು, ಆ ಕಂಪ್ಯೂಟರು, ಆ ಹಾಡು ಗೊತ್ತಿದ್ದವರು ಇರುವಾಗಲೇ ಅವನ್ನು ಯೂನಿಕೋಡಿಗೆ ತರಬೇಕು.

ಮೊದಲ ವಾರ ಏನು ಕಲಿಸಬೇಕು

ಸಂವಿಧಾನದ 371ಜೆ ವಿಧಿ 2013ರಲ್ಲಿ ನಮ್ಮ ಭಾಗಕ್ಕೆ ಬಂದ ಮೇಲೆ ಕಾಲೇಜು ಸೀಟು, ಸರ್ಕಾರಿ ಹುದ್ದೆಗಳ ಬಾಗಿಲು ತೆರೆದವು. ಹಳ್ಳಿಯ ಮಕ್ಕಳು ಬಿಸಿಎ, ಡಿಪ್ಲೊಮಾ ಓದುತ್ತಿದ್ದಾರೆ. ಅವರಲ್ಲಿ ಅನೇಕರು ನನ್ನ ಹತ್ತಿರ ಬರುತ್ತಾರೆ. ಅಲ್ಗಾರಿದಮ್ ಬಲ್ಲರು, ಪರೀಕ್ಷೆಯಲ್ಲಿ ಅಂಕ ಇದೆ. ಆದರೆ ಫೈಲು ಎಲ್ಲಿ ಉಳಿಸಿದೆ ಎಂದು ಕೇಳಿದರೆ ಇಪ್ಪತ್ತು ವರ್ಷದ ಹಿಂದೆ ನಾನು ಸುಮ್ಮನೆ ನಿಂತ ಹಾಗೆಯೇ ನಿಲ್ಲುತ್ತಾರೆ. ಕನ್ನಡದಲ್ಲಿ ಒಂದು ಸಾಲು ಬರೆಯಿರಿ ಎಂದರೆ ಮೊಬೈಲ್ ತೆಗೆಯುತ್ತಾರೆ.

ನನ್ನ ಬೇಡಿಕೆ ದೊಡ್ಡದಲ್ಲ. ಕಂಪ್ಯೂಟರ್ ಕಲಿಸುವ ಪ್ರತಿ ಕಾಲೇಜಿನಲ್ಲಿ ಮೊದಲ ವಾರವನ್ನು ಎಡಿಟರಿಗೆ ಮೀಸಲಿಡಿ. ಯಾವುದಾದರೂ ಉಚಿತ ಎಡಿಟರ್ ಆದೀತು. 2015ರಲ್ಲಿ ಬಂದ ವಿಎಸ್ ಕೋಡ್ ಹೊಸಬರಿಗೆ ಸುಲಭ, ಅದೂ ಸರಿ. ಯಾವ ಎಡಿಟರ್ ದೊಡ್ಡದು ಎಂಬ ಜಗಳ ನನಗೆ ಬೇಡ. ಒಂದು ಫೈಲಿಗೆ ಹೆಸರಿಡುವುದು, ತನ್ನ ಜಾಗದಲ್ಲಿ ಉಳಿಸುವುದು, ಬೇರೆ ಎಡಿಟರಿನಲ್ಲಿ ತೆರೆಯುವುದು, ಗಿಟ್‌ನಲ್ಲಿ ದಾಖಲಿಸುವುದು, ಇನ್ನೊಂದು ಕಡೆ ಪ್ರತಿ ಇಡುವುದು. ಕೀಲಿಮಣೆಯಲ್ಲಿ ಯೂನಿಕೋಡ್ ಕನ್ನಡ ಬರೆಯುವುದು. ಇಷ್ಟಕ್ಕೆ ಒಂದು ವಾರ ಸಾಕು. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲೂ ಇದನ್ನು ಕಲಿಸಬಹುದು.

ಕೃತಕ ಬುದ್ಧಿಮತ್ತೆ ತಾನೇ ಪ್ರೋಗ್ರಾಮ್ ಬರೆದುಕೊಡುವಾಗ ಎಡಿಟರ್ ಯಾಕೆ ಎಂದು ಹುಡುಗರು ಕೇಳುತ್ತಾರೆ. ಅದು ಬರೆದದ್ದನ್ನು ನಾನೂ ದಿನವೂ ಬಳಸುತ್ತೇನೆ. ಬರೆದುಕೊಟ್ಟದ್ದು ಸರಿಯೇ ಎಂದು ಓದಿ, ತಪ್ಪಿದ್ದಲ್ಲಿ ತಿದ್ದಿ, ಹೊಣೆ ಹೊರುವವರು ಮನುಷ್ಯರೇ ಆಗಿರಬೇಕು. ಗುಮಾಸ್ತ ಬರೆದ ಲೆಕ್ಕವನ್ನು ಸಾಹುಕಾರ ಓದಲಾರದೆ ಹೋದರೆ ಅಂಗಡಿ ಯಾರದು?

ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ, ಕನ್ನಡದಲ್ಲಿ ಬರೆಯುವವರಿಗೆ ಹೇಗೆ ಬರೆಯಬೇಕೆಂದು ಹೇಳಿಕೊಡಲು ಮಾಡಿದ ಪುಸ್ತಕ. ಅದೇ ಕಾಗಿಣಾ ನದಿಯ ದಂಡೆಯ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಒಂದು ವಾರ ಕೊಡಲಾರೆವೇ?

ಅಕ್ಕನ ಮಗಳು ಚಿತ್ತಾಪುರದಲ್ಲಿ ಬಿಸಿಎ ಓದುತ್ತಾಳೆ. ಕಳೆದ ಬೇಸಿಗೆ ರಜೆಗೆ ಬಂದಾಗ ಅವಳಿಗೆ ಎಡಿಟರ್ ಕಲಿಸಿದೆ. ಅಭ್ಯಾಸಕ್ಕೆಂದು ಅಪ್ಪನ 1994ರ ಮನೆ ಕಿರ್ದಿಯನ್ನು ಕೊಟ್ಟೆ. ನಾವು ಈ ಮನೆ ಕಟ್ಟಿದ ವರ್ಷ ಅದು. ದಿನಕ್ಕೆ ಹತ್ತು ಪುಟದಂತೆ ಒಂದು ತಿಂಗಳಲ್ಲಿ ಅಷ್ಟನ್ನೂ ಬರೆದಳು. ಅಕ್ಷರ ತಿಳಿಯದ ಕಡೆ "ಮುತ್ಯಾ, ಇದೇನ್ ಬರದೀರಿ?" ಎಂದು ಕೇಳಿ ತಿದ್ದಿಕೊಂಡಳು. ಬರೆದು ಮುಗಿದ ಸಂಜೆ ಅಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು 'ಪರ್ಸಿ' ಎಂದು ಹುಡುಕಿದಳು. ಶಹಾಬಾದಿನಿಂದ ಬಂದ ಕಲ್ಲಿನ ಗಾಡಿಗಳು ತಾರೀಖು ಸಮೇತ ಒಂದರ ಕೆಳಗೊಂದು ಬಂದವು. 'ಸಿಮೆಂಟ್' ಎಂದು ಹುಡುಕಿದಳು. ವಾಡಿಯಿಂದ ಬಂದ ಚೀಲಗಳು ಬಂದವು. ಅಪ್ಪ ಕನ್ನಡಕ ಸರಿಮಾಡಿಕೊಂಡು, "ನಿಮ್ಮ ಅಮ್ಮಾಯಿ ಹೆಸರು ಹುಡುಕು ನೋಡಮು" ಎಂದರು.

ಐದು ಸಾಲು ಬಂದವು. ಸೀರೆ. ಔಷಧ. ಜಾತ್ರೆಗೆ ಕೈಖರ್ಚು. ಮತ್ತೆ ಔಷಧ. ಕೊನೆಯದು ಬೀಸುಕಲ್ಲಿಗೆ ಹೊಸ ಗೂಟ ಹಾಕಿಸಿದ ಕೂಲಿ.

ಅಪ್ಪ ಆ ಸಾಲನ್ನು ಎರಡು ಸಲ ಓದಿದರು. ಮಗು ಫೈಲನ್ನು ಉಳಿಸಿ, ಅದರ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ, ಪೆನ್‌ಡ್ರೈವನ್ನು ಟ್ರಂಕಿನಲ್ಲಿ ಕಿರ್ದಿಗಳ ಪಕ್ಕ ಇಟ್ಟಳು.